ಚೀಲ ಒಳಗಿಡುವ ಮುಂಚೆ ಇಲಿಯ ಗುರುತು ನೋಡಿರಿ

ಶಿವರಾತ್ರಿ ದಾಟಿ ರಾಶಿ ಮುಗಿಯಿತೆಂದರೆ ನಮ್ಮ ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳಿಗೆ ಜೋಳದ ಚೀಲಗಳು ಬರುತ್ತವೆ. ಅವುಗಳ ಬೆನ್ನು ಹತ್ತಿ ಇಲಿಯೂ ಬರುತ್ತದೆ. ಹೊಲ ಬರಿದಾದ ಮೇಲೆ ಅದಕ್ಕೂ ಹೊಟ್ಟೆಯುಂಟಲ್ಲ! ಚೀಲದಿಂದ ಕಾಳು ಸೋರಿದ ಮೇಲೆ ಬೋನು ಹುಡುಕುವುದು ನಮ್ಮಲ್ಲಿಯ ರೂಢಿ. ಆದರೆ ತಾನು ಬಂದ ಸುದ್ದಿಯನ್ನು ಇಲಿಯು ಮೊದಲೇ ಹೇಳಿರುತ್ತದೆ, ನಾವು ಗಮನಿಸಿರುವುದಿಲ್ಲ.

ಮೊದಲನೆಯ ಗುರುತು ಹಿಕ್ಕೆ. ಜೀರಿಗೆಯಷ್ಟು ಉದ್ದದ, ತುದಿ ಚೂಪಾದ ಕರಿಯ ಹಿಕ್ಕೆಯಿದ್ದರೆ ಅದು ಮನೆಯ ಸಣ್ಣ ಇಲಿ. ಅರ್ಧ ಅಂಗುಲವೋ ಅದಕ್ಕೂ ಹೆಚ್ಚೋ ಇದ್ದರೆ ದೊಡ್ಡ ಇಲಿ. ಈ ಭೇದ ತಿಳಿದಿರಬೇಕು. ಸಣ್ಣದು ಕುತೂಹಲದ ಪ್ರಾಣಿ, ಹೊಸ ಬೋನನ್ನು ಮೊದಲ ರಾತ್ರಿಯೇ ಮೂಸಿ ನೋಡೀತು. ದೊಡ್ಡದು ಬಲು ಸಂಶಯದ್ದು. ಅದಕ್ಕೆ ಮೂರು ನಾಲ್ಕು ರಾತ್ರಿ ಕೊಂಡಿ ಹಾಕದೆ ಬರಿಯ ತಿನಿಸಿಟ್ಟು ನಂಬಿಸಬೇಕು.

ಸಣ್ಣದೆಂದು ಅಲಕ್ಷ್ಯ ಬೇಡ. ಅದು ದಿನಕ್ಕೆ ತಿನ್ನುವುದು 3-4 ಗ್ರಾಮ್, ಹಾಕುವ ಹಿಕ್ಕೆ 50ಕ್ಕೂ ಹೆಚ್ಚು. ಮೂರು ವಾರ ಗರ್ಭ ಹೊತ್ತು ಐದಾರು ಮರಿ ಹಾಕುತ್ತದೆ. ಆ ಮರಿಗಳು ಎರಡು ತಿಂಗಳೊಳಗೆ ತಾವೂ ಪ್ರಾಯಕ್ಕೆ ಬರುತ್ತವೆ.

ಹಿಕ್ಕೆ ಕಾಣದಿದ್ದರೆ ಬೂದಿಯ ಪರೀಕ್ಷೆ ಮಾಡಿರಿ. ಆರಿದ ಒಲೆಯ ಬೂದಿಯನ್ನು ಜರಡಿ ಹಿಡಿದು, ಮಲಗುವ ಮುಂಚೆ ಗೋಡೆಯ ಬುಡಕ್ಕೆ, ಹೊಸ್ತಿಲ ಬಳಿಗೆ, ಬಚ್ಚಲ ತೂಬಿನ ಬಾಯಿಗೆ ತೆಳ್ಳಗೆ ಉದುರಿಸಿರಿ. ನಸುಕಿನಲ್ಲಿ ಕಸ ಹೊಡೆಯುವವರಿಗೆ ರಾತ್ರಿಯೇ ಹೇಳಿಡಿರಿ, ಇಲ್ಲವಾದರೆ ಪರೀಕ್ಷೆಯೆಲ್ಲ ತಿಪ್ಪೆಗೆ! ಬೆಳಿಗ್ಗೆ ಪುಟ್ಟ ಹೆಜ್ಜೆಗಳೂ ಬಾಲ ಎಳೆದ ಗೆರೆಯೂ ಕಂಡರೆ, ಅದೇ ದಾರಿ ಹಿಡಿದು ಹೋದರೆ ಬಿಲ ಸಿಕ್ಕೀತು.

ಪೆನ್ಸಿಲ್ ತೂರುವ ಸಂದಿಯಲ್ಲಿ ಸಣ್ಣ ಇಲಿ ನುಸುಳಬಲ್ಲದು. ಬರಿಯ ಮಣ್ಣು ಮೆತ್ತಿದರೆ ಮತ್ತೆ ತೋಡುತ್ತದೆ. ಒಡೆದ ಗಾಜಿನ ಚೂರು ತುರುಕಿ ಮೇಲೆ ಸಿಮೆಂಟು ಬಳಿಯಿರಿ. ಬೆಳಕಿಂಡಿಗೆ ಕಾಲು ಅಂಗುಲ ಕಣ್ಣಿನ ತಂತಿ ಜಾಳಿಗೆ ಹೊಡೆಯಿರಿ. ಇಲಿ ಬಯಲಲ್ಲಿ ಓಡದು, ಗೋಡೆ ಸವರಿಕೊಂಡೇ ಓಡುತ್ತದೆ. ಆದ್ದರಿಂದ ಬೋನನ್ನು ಗೋಡೆಗೆ ಹತ್ತಿಸಿಯೇ ಇಡಬೇಕು. ಸುಟ್ಟ ಕೊಬ್ಬರಿ ಚೂರು, ಶೇಂಗಾ ಎಣ್ಣೆ ಸವರಿದ ರೊಟ್ಟಿಯ ತುಣುಕು ಒಳ್ಳೆಯ ತಿನಿಸು.

ಮಕ್ಕಳಿರುವ ಮನೆಯಲ್ಲಿ ಪಾಷಾಣ ಬೇಡವೇ ಬೇಡ. ರಂಜಕದ ಇಲಿಪಾಷಾಣಕ್ಕೆ ಪ್ರತಿವಿಷವಿಲ್ಲ. ತಿಂದ ಮಗು ಒಂದೆರಡು ದಿನ ಚೆನ್ನಾಗಿಯೇ ಕಂಡು, ಆಮೇಲೆ ಯಕೃತ್ತು ಕೆಟ್ಟು ಪ್ರಾಣಕ್ಕೆ ಬರಬಹುದು. ಬಾಯಿಗೆ ಹೋದ ಸಂಶಯ ಬಂದರೂ ಸಾಕು, ಆ ಕ್ಷಣವೇ ದವಾಖಾನೆಗೆ ಒಯ್ಯಿರಿ.

ಒಣ ಹಿಕ್ಕೆಯನ್ನು ಗುಡಿಸಬಾರದು, ಧೂಳು ಮೂಗಿಗೆ ಹೋಗುತ್ತದೆ. ಫಿನಾಯಿಲ್ ನೀರು ಚಿಮುಕಿಸಿ ಅರಿವೆಯಿಂದ ಒರೆಸಿ ತೆಗೆಯಿರಿ. ಕಾಲಿಗೆ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಇಲಿಯ ಮೂತ್ರದಿಂದ ಇಲಿಜ್ವರ ತಗಲುತ್ತದೆ.

ಎರಡು ರಾತ್ರಿ ಬೂದಿಯ ಮೇಲೆ ಹೆಜ್ಜೆ ಮೂಡದಿದ್ದರೆ ಚೀಲಗಳನ್ನು ಒಳಗೆ ತನ್ನಿರಿ. ಗೋಡೆಯಿಂದ ಒಂದು ಮೊಳ ಬಿಟ್ಟು, ಹಲಗೆಯ ಮೇಲೆ ಒಟ್ಟಿರಿ. ಮಾಲದಂಡಿ ಬಿತ್ತನೆಯ ಕಾಳನ್ನು ಮಾತ್ರ ಚೀಲದಲ್ಲಿಡದೆ ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಡಿರಿ.