ತಾತನ ಯೆಜ್ಡಿಗೆ ಕೈ ಹಚ್ಚುವ ಮುನ್ನ



ಸಿರಿಗೇರಿ ಮನೆಯಲ್ಲಿ ಭತ್ತದ ಚೀಲಗಳ ಸಂದಿಗೆ ನಿಂತಿದ್ದ ತಾತನ ಯೆಜ್ಡಿ ಬೈಕನ್ನು ನೀನು ಹೊರಗೆಳೆದಿದ್ದೀಯೆಂದು ನಿಮ್ಮಪ್ಪ ಫೋನು ಮಾಡಿದ್ದ. ಖುಷಿಯಾಯಿತು. ಆದರೆ ಆಗಲೇ ಸಿರುಗುಪ್ಪಕ್ಕೆ ಹೋಗಿ ಬಣ್ಣದ ರೇಟು ಕೇಳಿಕೊಂಡು ಬಂದಿದ್ದೀಯಂತೆ, ಅದಕ್ಕೇ ಈ ಕಾಗದ. ಬಣ್ಣ, ಕ್ರೋಮ್ ಎಲ್ಲ ಕೊನೆಗೆ. ಮೊದಲು, ಈಗಿರುವ ಹಾಗೇ ಒಂದು ಸಲ ಸ್ಟಾರ್ಟ್ ಆಗಲಿ. ಓಡದ ಗಾಡಿಗೆ ಬಣ್ಣ ಬಳಿದು ನಿಲ್ಲಿಸಿಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಅದು ನಮ್ಮ ಮೈಸೂರಿನ ಗಾಡಿ. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾದಾಗ ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಜಾವಾ ಹೆಸರಿನಲ್ಲೇ ಮಾಡುತ್ತಿದ್ದರು. ಯೆಜ್ಡಿ ಹೆಸರು ಬಂದದ್ದು 1973ರಲ್ಲಿ. 1996ಕ್ಕೆ ಕಾರ್ಖಾನೆ ಬಾಗಿಲು ಹಾಕಿತು. 2022ರಲ್ಲಿ ಮತ್ತೆ ಬಂದ ಯೆಜ್ಡಿಯದು ಫೋರ್ ಸ್ಟ್ರೋಕ್ ಎಂಜಿನ್, ಹೆಸರು ಅದೇ ಎಂದು ಅದರ ಪಾರ್ಟು ಕೇಳಿಕೊಂಡು ಹೋಗಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಹಳೇ ಪಾರ್ಟು ಕೆಲವು ಸಿಗಬಹುದು, ಎಲ್ಲವೂ ಸಿಗಲಾರದು. ಆದ್ದರಿಂದ ತುಕ್ಕು ಹಿಡಿದ ಬೋಲ್ಟನ್ನೂ ಗುಜರಿಗೆ ಹಾಕಬೇಡ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆ, ಬಿಚ್ಚಿದ್ದನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸು.

ಈಗ ಎಂಜಿನ್ನು. ಇದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರು. ವರ್ಷಗಟ್ಟಲೆ ನಿಂತ ಗಾಡಿಯ ಮೇಲೆ ಹತ್ತಿ ಒದೆಯಬೇಡ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದೆರಡು ಚಮಚ 2ಟಿ ಆಯಿಲ್ ಬಿಟ್ಟು, ಎರಡು ದಿನ ಹಾಗೇ ಇರಲಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ಹಿಂದೆ ಮುಂದೆ ಆಡಿಸು. ಪಿಸ್ಟನ್ ಹಿಡಿದುಕೊಂಡಿದ್ದರೂ ಎಷ್ಟೋ ಸಲ ಹೀಗೇ ಬಿಡುತ್ತದೆ. ಎರಡೂ ಸೈಲೆನ್ಸರ್ ಒಳಗೆ ಕಣಜದ ಗೂಡು, ಏರ್ ಫಿಲ್ಟರಿನಲ್ಲಿ ಇಲಿಯ ಸಂಸಾರ ಇರಬಹುದು, ನೋಡು. ಭತ್ತದ ಪಕ್ಕ ನಿಂತ ಗಾಡಿ ಅದು.

ಟ್ಯಾಂಕಿನ ಹಳೇ ಪೆಟ್ರೋಲನ್ನು ಬಯಲಿನಲ್ಲಿ ಬಸಿ, ಬೀಡಿ ಸೇದುವವರನ್ನು ಹತ್ತಿರ ಬಿಡಬೇಡ. ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರು ತುಂಬಿ ರಾತ್ರಿಯಿಡೀ ಬಿಡು, ಬೆಳಿಗ್ಗೆ ಅಡುಗೆ ಸೋಡಾದ ನೀರಿನಲ್ಲಿ ತೊಳೆ. ನಮ್ಮೂರ ಬಿಸಿಲಿಗೆ ಒಣಗುವುದೇನೂ ತಡವಿಲ್ಲ. ಸೋರುತ್ತಿದೆಯೆಂದು ಟ್ಯಾಂಕನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯುವ ಹುಚ್ಚು ಮಾತ್ರ ಬೇಡ. ಒಳಗೆ ಉಳಿದ ಪೆಟ್ರೋಲ್ ಹಬೆಗೆ ಕಿಡಿ ತಾಕಿದರೆ ಸಿಡಿಯುತ್ತದೆ.

ಕಾರ್ಬ್ಯುರೇಟರಿನ ಜೆಟ್ಟಿಗೆ ತಂತಿ ತೂರಿಸಬೇಡ, ತೂತು ದೊಡ್ಡದಾದರೆ ಪೆಟ್ರೋಲ್ ಕುಡಿಯುತ್ತದೆ. ಪಂಪಿನ ಗಾಳಿ ಸಾಕು. ಪ್ಲಾಟಿನ ಪಾಯಿಂಟನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಸಂದಿ 0.4 ಮಿಲಿಮೀಟರ್ ಇಡು. ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಮರೆತೀಯೆ, ಟೂ ಸ್ಟ್ರೋಕಿಗೆ ಅದೇ ಜೀವ. ಸ್ಟಾರ್ಟ್ ಆದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೇ ಹೋದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಒಣಗಿ ಗೇರ್ ಆಯಿಲ್ ಒಳಕ್ಕೆ ಸೇರುತ್ತಿದೆ ಅಂತ ತಿಳಿ. ಆಗ ಎಂಜಿನ್ನಿನ ಆ ಕಡೆ ಬಿಚ್ಚಲೇಬೇಕು. ಹಾಗಾದಾಗ ಹಳೇ ಜಾವಾ ಕೆಲಸ ಬಲ್ಲ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೋ.

ಇನ್ನು ಕಾಗದಪತ್ರ. ತಾತನ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಹುಡುಕು, ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ತಾಳೆಯಾಗಬೇಕು. ಮಾಲೀಕರು ತೀರಿಕೊಂಡಿದ್ದರೆ ಹೆಸರು ಬದಲಿಸಲು ಫಾರಂ 31 ಇದೆ, ಬಳ್ಳಾರಿ ಆರ್‌ಟಿಓ ಕಚೇರಿಯ ಓಡಾಟ ನನಗಿರಲಿ. ಐವತ್ತು ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ, ಆದರೆ ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ನನಗಂತೂ ಅದು ಬೇಡ ಅನ್ನಿಸುತ್ತದೆ. ಗದ್ದೆಗೂ ಸಂತೆಗೂ ಹೋಗಿಬರುವ ಗಾಡಿಯಾಗಿರಲಿ, ಐದು ವರ್ಷದ ರಿನ್ಯೂವಲ್ ಸಾಕು.

ಮುಂದಿನ ಭಾನುವಾರ ಫೀಲರ್ ಗೇಜು, ಹೊಸ ಪ್ಲಗ್ ತೆಗೆದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ಪೇಂಟರನಿಗೆ ಅಡ್ವಾನ್ಸ್ ಕೊಡಬೇಡಪ್ಪ.

ಇಂತಿ,
ನಿನ್ನ ದೊಡ್ಡಪ್ಪ