ಹಾಲಿನ ಪುಡಿ ಮತ್ತು ಸರ್ಕಾರ ಕೊಟ್ಟ ಮಾತು



ಸಂಘಗಳ ಸಭೆಗೆ ಹೋದಾಗ ಗರ್ಭ ಕಟ್ಟದ ರಾಸು, ಕೆಚ್ಚಲು ಬಾವಿನ ಪ್ರಶ್ನೆಗಳ ನಡುವೆ ಆಗಾಗ ಬೇರೊಂದು ಪ್ರಶ್ನೆ ಬರುತ್ತದೆ. "ಸರ್ಕಾರ ಎಲ್ಲೋ ಹೊರದೇಶದಲ್ಲಿ ಸಹಿ ಹಾಕಿದರೆ ನಮ್ಮ ಹಾಲಿನ ದರ ಯಾಕೆ ಇಳಿಯಬೇಕು ಡಾಕ್ಟ್ರೇ? ಆ ಒಪ್ಪಂದ ಹರಿದು ಹಾಕಿದರಾಗದೇ?" ಇದಕ್ಕೆ ನಾನು ಹಾಲಿನ ಪುಡಿಯ ವಿಷಯವನ್ನೇ ಹೇಳುತ್ತೇನೆ.

ಮಳೆಯಾಗಿ ಹಸಿರು ಮೇವು ಬಂದಾಗ ಶೇಖರಣೆ ಏರುತ್ತದೆ. ಮಾರಿ ಉಳಿದ ಹಾಲು ಬೆಣ್ಣೆ ಮತ್ತು ಪುಡಿಯಾಗುತ್ತದೆ. ಕೆನೆ ತೆಗೆದ ನೂರು ಲೀಟರ್ ಹಾಲಿಗೆ ಸಿಗುವ ಪುಡಿ ಸುಮಾರು ಒಂಬತ್ತು ಕಿಲೋ. ಆ ಪುಡಿ ಒಳ್ಳೆಯ ಬೆಲೆಗೆ ಹೋದರೆ ನಿಮ್ಮ ಬಟವಾಡೆ ಸಲೀಸು. ಹೊರಗಿನ ಪುಡಿ ಅಗ್ಗವಾಗಿ ಬಂದಿಳಿದರೆ ನಮ್ಮದು ಗೋದಾಮಿನಲ್ಲೇ ಕೂರುತ್ತದೆ. ಲೀಟರಿಗೆ ಒಂದೆರಡು ರೂಪಾಯಿ ಇಳಿಸುವ ಮಾತು ಅಲ್ಲಿಂದಲೇ ಹುಟ್ಟುವುದು.

ದೇಶದಲ್ಲಿ ಹಾಲಿಗೇ ಕೊರತೆಯಿದ್ದ ಹಿಂದಿನ ದಿನಗಳಲ್ಲಿ, ಕೆನೆರಹಿತ ಹಾಲಿನ ಪುಡಿಗೆ ಆಮದು ಸುಂಕ ಹಾಕುವುದಿಲ್ಲವೆಂದು ಭಾರತ ಗ್ಯಾಟ್ ಒಪ್ಪಂದದಡಿ ಮಾತು ಕೊಟ್ಟಿತ್ತು. ಆಗ ಅದು ತಪ್ಪೇನೂ ಅಲ್ಲ. ಆಮದಿಗೆ ಪರವಾನಗಿಯ ಕಟ್ಟು ಇದ್ದುದರಿಂದ ಯಾರಿಗೂ ಅದರ ಬಿಸಿ ತಟ್ಟಲಿಲ್ಲ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಆರಂಭವಾದಾಗಲೂ ಆ ಸೊನ್ನೆ ಹಾಗೆಯೇ ಉಳಿಯಿತು. ಅಷ್ಟರಲ್ಲಿ ನಾವು ಹಾಲಿನಲ್ಲಿ ಸ್ವಾವಲಂಬಿಗಳಾಗಿದ್ದೆವು, ಪರವಾನಗಿಯ ಕಟ್ಟುಗಳೂ ಸಡಿಲವಾಗತೊಡಗಿದ್ದವು. ಇತ್ತ ಯುರೋಪಿನ ಸರ್ಕಾರಗಳು ರಫ್ತಿಗೆ ಸಹಾಯಧನ ಕೊಟ್ಟು ತಮ್ಮ ಪುಡಿಯನ್ನು ಅಗ್ಗಕ್ಕೆ ಹೊರದಬ್ಬುತ್ತಿದ್ದವು.

ಒಪ್ಪಂದಕ್ಕೆ ವಿರೋಧ ಮೊದಲಿನಿಂದಲೂ ಇತ್ತು. 1993ರ ಅಕ್ಟೋಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರಾಜ್ಯ ರೈತ ಸಂಘ ಡಂಕೆಲ್ ಕರಡಿನ ವಿರುದ್ಧ ಬೆಂಗಳೂರಿನಲ್ಲಿ ನಡೆಸಿದ ಭಾರಿ ಸಮಾವೇಶ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಕೃಷಿ, ಪಶುಪಾಲನೆ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿವೆ. ರಾಜ್ಯಗಳನ್ನೂ ರೈತರನ್ನೂ ಕೇಳದೆ ಹಾಕಿದ ಸಹಿಗೆ ನಾವೇಕೆ ಬದ್ಧರಾಗಬೇಕು ಎಂಬ ವಾದ ಹಗುರವಾದುದಲ್ಲ. ಇನ್ನೊಂದು ಪಕ್ಷದವರು ಹೇಳುವುದು: ನಾವು ಮಾತು ಮುರಿದರೆ ಎದುರಿನವರೂ ನಮ್ಮ ಕಾಫಿ, ಬಟ್ಟೆ, ಸಾಂಬಾರ ಪದಾರ್ಥಗಳಿಗೆ ಬಾಗಿಲು ಮುಚ್ಚಬಹುದು, ನಿಯಮವೇ ಇಲ್ಲದಿದ್ದರೆ ಬಲಶಾಲಿ ದೇಶ ಹೇಳಿದ್ದೇ ನಡೆಯುತ್ತದೆ.

ಈ ಭಯವೂ ಸುಳ್ಳಲ್ಲ. ಆಮದಿನ ಪ್ರಮಾಣದ ಮೇಲಿನ ನಿರ್ಬಂಧಗಳ ಬಗ್ಗೆ ಅಮೆರಿಕ ಹೂಡಿದ ವ್ಯಾಜ್ಯದಲ್ಲಿ 1999ರಲ್ಲಿ ಭಾರತ ಸೋತಿತು. 2001ರ ಏಪ್ರಿಲ್ 1ರ ಹೊತ್ತಿಗೆ ಉಳಿದ ನಿರ್ಬಂಧಗಳನ್ನು ತೆಗೆಯಬೇಕಾಯಿತು.

ಹಾಲಿನ ಪುಡಿಯಲ್ಲಿ ಮಾತ್ರ ನಮ್ಮವರು ಒಪ್ಪಂದವನ್ನು ಹರಿಯಲೂ ಇಲ್ಲ, ಸುಮ್ಮನೆ ಕೂರಲೂ ಇಲ್ಲ. ಗ್ಯಾಟಿನ 28ನೇ ವಿಧಿ ಕೊಟ್ಟ ಮಾತನ್ನು ಬದಲಿಸಲು ದಾರಿ ಕೊಡುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ. ಬೇರೆ ಸರಕುಗಳಲ್ಲಿ ರಿಯಾಯಿತಿ ಕೊಟ್ಟು ಸರಿತೂಗಿಸಬೇಕು. ಹಾಗೆ ಮಾತುಕತೆ ನಡೆದು 2000ದಲ್ಲಿ ಸೊನ್ನೆ ಹೋಯಿತು. ವರ್ಷಕ್ಕೆ 10,000 ಟನ್‌ವರೆಗೆ ಶೇ. 15, ಅದಕ್ಕೆ ಮೇಲ್ಪಟ್ಟರೆ ಶೇ. 60 ಸುಂಕ ಎಂದಾಯಿತು. ನಿಮ್ಮ ದರವನ್ನು ಈ ಅರವತ್ತು ಎಷ್ಟು ಕಾದಿದೆ ಎಂಬುದು ಬಹಳ ಸದಸ್ಯರಿಗೆ ಗೊತ್ತಿಲ್ಲ. ಸೊನ್ನೆಯನ್ನು ಐದು ವರ್ಷ ಮೊದಲೇ ಗಮನಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಆದರೂ ಜಗಳ ಮುಗಿದಿಲ್ಲ. 2020ರ ಜೂನಿನಲ್ಲಿ, ಕೊರೋನಾದಿಂದ ಹೋಟೆಲುಗಳು ಮುಚ್ಚಿ ಹಾಲು ಕೇಳುವವರಿಲ್ಲದಾಗ, ಅದೇ 10,000 ಟನ್ನಿಗೆ ಶೇ. 15ರಲ್ಲಿ ಅನುಮತಿ ಕೊಟ್ಟದ್ದಕ್ಕೆ ಮಹಾರಾಷ್ಟ್ರದ ಉತ್ಪಾದಕರು ಬೀದಿಗಿಳಿದರು. ಅದಕ್ಕೆ ಹಿಂದಿನ ವರ್ಷ, 2019ರ ನವೆಂಬರ್ 4ರಂದು, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳೂ ಇದ್ದ ಆರ್‌ಸಿಇಪಿ ಒಪ್ಪಂದಕ್ಕೆ ಸೇರುವುದಿಲ್ಲವೆಂದು ಭಾರತ ಹೇಳಿತು. ಹಾಲು ಸಹಕಾರಿಗಳ ವಿರೋಧ ಅದಕ್ಕೊಂದು ಕಾರಣ. ಸಹಿಗೆ ಮೊದಲು ಬೇಡವೆನ್ನುವುದು ಸುಲಭ, ಸಹಿಯಾದ ಮೇಲೆ ಬದಲಿಸಲು ಬೆಲೆ ತೆರಬೇಕು. ನೀವು ದನಿ ಎತ್ತುವುದಾದರೆ ಮೊದಲೇ ಎತ್ತಿ.

ಪಶುವೈದ್ಯನಾಗಿ ಒಂದು ಮಾತು. ಮೆಲುಕು ಹಾಕುವ ಪ್ರಾಣಿಗಳ ಮಾಂಸ, ರಕ್ತ, ಒಳ ಅಂಗಗಳಿಂದ ಮಾಡಿದ ಆಹಾರ ತಿಂದ ಹಸುವಿನ ಹಾಲಿನ ಪದಾರ್ಥ ಬೇಡವೆಂದು ಭಾರತ ಪ್ರಮಾಣಪತ್ರ ಕೇಳುತ್ತದೆ; ಅಮೆರಿಕದ ಹೈನೋದ್ಯಮ ಇದಕ್ಕೆ ಆಕ್ಷೇಪಿಸುತ್ತ ಬಂದಿದೆ. ಆರೋಗ್ಯದ ಹೆಸರಿನಲ್ಲಿ ತಡೆಯಲು ಒಪ್ಪಂದದಲ್ಲಿ ಅವಕಾಶವಿದೆ, ವೈಜ್ಞಾನಿಕ ಆಧಾರ ಬೇಕು. ಅದೇ ಅವಕಾಶ ಎದುರಿನವರಿಗೂ ಇದೆ: ಕಾಲುಬಾಯಿ ಜ್ವರ, ಹಾಲಿನಲ್ಲಿ ಉಳಿದ ಔಷಧಿಯ ಅಂಶ ತೋರಿಸಿ ನಮ್ಮ ಪದಾರ್ಥಗಳನ್ನು ಅವರು ತಡೆಯಬಹುದು. ಕೆಚ್ಚಲು ಬಾವಿಗೆ ಟ್ಯೂಬು ಏರಿಸಿದ ಮೇಲೆ ಅದರ ಮೇಲೆ ಬರೆದಷ್ಟು ದಿನ ಆ ಹಸುವಿನ ಹಾಲನ್ನು ಸಂಘದ ಕ್ಯಾನಿಗೆ ಸುರಿಯಬೇಡಿ ಎಂದು ನಾವು ಪೀಡಿಸುವುದಕ್ಕೆ ಇದೂ ಒಂದು ಕಾರಣ. ಆ ದಿನಗಳ ಲೆಕ್ಕ ತಿಳಿಯದಿದ್ದರೆ ಖಾಲಿ ಟ್ಯೂಬನ್ನು ಎಸೆಯದೆ ಸಂಘದ ಕಾರ್ಯದರ್ಶಿಗೆ ತೋರಿಸಿ.