ಹಳೆಯ ಟ್ರಾಕ್ಟರುಗಳ ರೂಪವೂ ನಡೆಯೂ

ಎತ್ತಿನ ಬಣ್ಣವನ್ನೂ ಕೋಡುಗಳನ್ನೂ ಕಂಡು ಮೆಚ್ಚಿದರೂ, ನೊಗಕ್ಕೆ ಕಟ್ಟಿ ನಡೆಸಿ ನೋಡದೆ ಯಾವ ಜಮೀನುದಾರನೂ ಹಣವನ್ನು ಎಣಿಸುವುದಿಲ್ಲ. ಟ್ರಾಕ್ಟರಿಗೂ ಇದೇ ಪರೀಕ್ಷೆಯು ಸಲ್ಲುವುದು. ಅಮೇರಿಕಾ ದೇಶದಲ್ಲಿ 1938 ಮತ್ತು 1939ನೆಯ ಇಸವಿಗಳಲ್ಲಿ ಹೊರಬಂದ ಮೂರು ಬಗೆಯ ಯಂತ್ರಗಳನ್ನು ಹೋಲಿಸಿದರೆ ಇದು ವಿಶದವಾಗುವುದು.

ಅದಕ್ಕೆ ಮೊದಲು ಟ್ರಾಕ್ಟರಿನ ಅಂದವನ್ನು ಕುರಿತು ಯೋಚಿಸಿದವರು ವಿರಳ. 1917ರಿಂದ ತಯಾರಾದ ಫೋರ್ಡ್‌ಸನ್ ಯಂತ್ರವು ಎರಕದ ಕಬ್ಬಿಣದ ಮುದ್ದೆಯಂತಿದ್ದಿತು. ಬೆಲೆಯು ಅಗ್ಗವಾದುದರಿಂದ ಬಹಳವಾಗಿ ಮಾರಾಟವಾಯಿತು. ಆದರೆ ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡಾಗ ಹಿಂದಿನ ಚಕ್ರಗಳು ತಡೆದು, ಯಂತ್ರವು ಮುಂಗಾಲೆತ್ತಿದ ಕುದುರೆಯಂತೆ ಮೇಲೆದ್ದು, ಹಿಂದಕ್ಕೆ ಮಗುಚಿ, ನಡೆಸುವವನ ಪ್ರಾಣವನ್ನೇ ತೆಗೆಯುತ್ತಿದ್ದುದುಂಟು.

1938ರಲ್ಲಿ ಹೆನ್ರಿ ಡ್ರೇಫಸ್ ಎಂಬ ವಿನ್ಯಾಸಕಾರನು ಜಾನ್ ಡೀರ್ ಕಂಪೆನಿಯ 'ಎ' ಮತ್ತು 'ಬಿ' ಟ್ರಾಕ್ಟರುಗಳಿಗೆ ಹೊಸ ರೂಪವನ್ನು ಕೊಟ್ಟನು. ಎಂಜಿನ್ನಿನ ಮೇಲಣ ಮುಚ್ಚಳವನ್ನು ಕಿರಿದಾಗಿ ಮಾಡಿದುದು ಚೆಲುವಿಗಾಗಿ ಮಾತ್ರವಲ್ಲ. ಎಡೆ ಹೊಡೆಯುವಾಗ ಸಾಲು ಕಣ್ಣಿಗೆ ಬೀಳಲೆಂದು. ಕ್ಲಚ್ಚನ್ನು ಕೈಯಿಂದಲೇ ಹಿಡಿಯುವುದರಿಂದ ನಿಂತುಕೊಂಡೂ ನಡೆಸಬಹುದಾಗಿತ್ತು. ದಿನವೆಲ್ಲ ಕುಳಿತು ಸೊಂಟ ನೊಂದವನಿಗೆ ಇದು ಸಣ್ಣ ಉಪಕಾರವಲ್ಲ.

1939ರಲ್ಲಿ ಬಂದ ಕೆಂಪು ಬಣ್ಣದ ಫಾರ್ಮಾಲ್ ಯಂತ್ರಗಳ ರೂಪವು ರೇಮಂಡ್ ಲೋವಿಯದು. ಜಾನ್ ಡೀರಿನಲ್ಲಿ ಎರಡೇ ಸಿಲಿಂಡರು, ಇದರಲ್ಲಿ ನಾಲ್ಕು. ಕ್ಲಚ್ಚು ಕಾಲಿಗೆ. ಇವುಗಳ ಪೈಕಿ ಚಿಕ್ಕದಾದ 'ಎ' ಯಂತ್ರದಲ್ಲಿ ಎಂಜಿನ್ನನ್ನು ಎಡಕ್ಕೂ ಪೀಠವನ್ನು ಬಲಕ್ಕೂ ಸರಿಸಿದ್ದರಿಂದ, ಪೈರಿನ ಸಾಲು ನೇರವಾಗಿ ಕಣ್ಣೆದುರಿಗೇ ಕಾಣುತ್ತಿದ್ದಿತು. ನೋಟಕ್ಕೆ ಸೊಟ್ಟವಾದರೂ ಎಡೆಕುಂಟೆಯ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದುದು ಅಪರೂಪ.

ಅದೇ ವರ್ಷದ ಫೋರ್ಡ್ '9ಎನ್' ಯಂತ್ರವು ಬೂದು ಬಣ್ಣದ, ತಗ್ಗಾದ, ಆಡಂಬರವಿಲ್ಲದ ವಸ್ತು. ಆದರೂ ಮೂರರಲ್ಲಿ ಇದೇ ಮೇಲೆಂದು ಹೇಳಬೇಕಾಗುವುದು. ಹ್ಯಾರಿ ಫರ್ಗುಸನ್ನನ ಏರ್ಪಾಡಿನಂತೆ ನೇಗಿಲನ್ನು ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ತೋಳುಗಳಿಂದ ಜೋಡಿಸಲಾಗಿತ್ತು. ಉಳುವಾಗ ಮೇಲಿನ ತೋಳು ಮುಂದಕ್ಕೆ ಒತ್ತಿ, ಮುಂಚಕ್ರಗಳನ್ನು ನೆಲದಿಂದ ಏಳಗೊಡದು. ನೇಗಿಲು ಬಂಡೆಗೆ ತಾಗಿದರೆ ಹಿಂಚಕ್ರಗಳ ಮೇಲಣ ಭಾರವು ಕಡಮೆಯಾಗಿ, ಅವು ನಿಂತಲ್ಲೇ ಜಾರಿ ತಿರುಗುವುವು. ಇಂದು ಕರ್ನಾಟಕದ ಹೊಲಗಳಲ್ಲಿ ದುಡಿಯುವ ಟ್ರಾಕ್ಟರುಗಳ ಹಿಂಭಾಗದಲ್ಲಿ ಕಾಣುವುದೂ ಈ ಬಗೆಯ ಮೂರು ತೋಳುಗಳೇ.

ಈ ರಕ್ಷಣೆಯು ತೋಳುಗಳಿಗೆ ಜೋಡಿಸಿದ ಉಪಕರಣಕ್ಕೆ ಮಾತ್ರ ಸಲ್ಲುವುದೆಂಬುದನ್ನು ಆಳುಗಳಿಗೆ ತಿಳಿಯಹೇಳತಕ್ಕದ್ದು. ಹಿಂದಿನ ಅಚ್ಚಿನ ಮಟ್ಟಕ್ಕಿಂತ ಮೇಲೆ ಸರಪಣಿಯನ್ನು ಕಟ್ಟಿ ಮರದ ಬೊಡ್ಡೆಯನ್ನು ಎಳೆಸಿದರೆ, ಈ ಯಂತ್ರವೂ ಫೋರ್ಡ್‌ಸನ್ನಿನಂತೆಯೇ ಮಗುಚಬಲ್ಲುದು. ಎಳೆತವೇನಿದ್ದರೂ ಕೆಳಗಣ ಕೊಂಡಿಯಿಂದಲೇ ಆಗತಕ್ಕದ್ದು.